ಮಳೆ, ಗದ್ದೆ, ಮಂದ್: ನಮ್ಮ ಶಾಲೆಯ ಆಟದ ವೇಳಾಪಟ್ಟಿ ಬದಲಾದ ಬಗೆ

ಕೊಡಗಿನ ನಾಪೋಕ್ಲು ಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದಕ್ಕೆ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ನಾನು ವರ್ಗವಾಗಿ ಬಂದದ್ದು ಒಂದು ಜೂನ್ ತಿಂಗಳಿನಲ್ಲಿ. ಮಂಡ್ಯದ ಬಯಲಿನಲ್ಲಿ ಬೆಳೆದ ನನಗೆ ಮಳೆ ಎಂದರೆ ಒಂದೆರಡು ಗಂಟೆ ಸುರಿದು ನಿಲ್ಲುವ ಸಂಗತಿಯಾಗಿತ್ತು. ನಾನು ತಂದಿದ್ದ ವಾರ್ಷಿಕ ಯೋಜನೆಯಲ್ಲಿ ಮೊದಲ ಎರಡು ತಿಂಗಳಿಗೆ ಓಟ, ಉದ್ದ ಜಿಗಿತ ಮತ್ತು ಕಬಡ್ಡಿ ಇದ್ದವು. ಶಾಲೆಯ ಮೈದಾನದಲ್ಲಿ ಕಣಕಾಲು ಮುಳುಗುವಷ್ಟು ನೀರಿತ್ತು. ತಾಲ್ಲೂಕು ಮಟ್ಟದ ಕ್ರೀಡಾಕೂಟ ಮಳೆಗಾಲದ ಕೊನೆಗೇ ಬರುವುದರಿಂದ, ನಮ್ಮ ಮಕ್ಕಳು ಮೈದಾನದಲ್ಲಿ ಹತ್ತು ದಿನವೂ ಅಭ್ಯಾಸ ಮಾಡದೆ ಹೋಗಿ ನಿಲ್ಲಬೇಕಾಗಿತ್ತು.

ಮಳೆ ನಿಂತ ಮೇಲೆ, ಬೆಳಿಗ್ಗೆ ಆರು ಗಂಟೆಗೆ ಮಕ್ಕಳಿಗೂ ಊರಿನ ಹೆಂಗಸರಿಗೂ ಸೇರಿ ನಡಿಗೆ ಮತ್ತು ವ್ಯಾಯಾಮ ಇಟ್ಟುಕೊಂಡೆ. ಮೂರನೆಯ ವಾರಕ್ಕೆ ಯಾರೂ ಬರಲಿಲ್ಲ. ಕಾಫಿ ಕೊಯ್ಲು ಆರಂಭವಾಗಿತ್ತು. ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳ ತಾಯಂದಿರು ಅಷ್ಟು ಹೊತ್ತಿಗೆ ಅಡುಗೆ ಮುಗಿಸಿ ತೋಟಕ್ಕೆ ಹೊರಡುವ ಸಿದ್ಧತೆಯಲ್ಲಿರುತ್ತಿದ್ದರು. ಅಲ್ಲದೆ ನಸುಕಿನಲ್ಲಿ ತೋಟದ ರಸ್ತೆಗೆ ಆನೆ ಇಳಿಯುವ ಊರಿನಲ್ಲಿ ಮಕ್ಕಳನ್ನು ಕತ್ತಲಲ್ಲಿ ಹೊರಗೆ ಕರೆದದ್ದು ನನ್ನ ತಪ್ಪು. ಒಬ್ಬ ತಾಯಿ, ‘ಮೇಡಂ, ದಿನವಿಡೀ ಗುಡ್ಡ ಹತ್ತಿ ಇಳಿದು ಮೂಟೆ ಹೊರುವವರಿಗೆ ಇನ್ನೇನು ವ್ಯಾಯಾಮ?’ ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಯೋಜನೆಯನ್ನು ಬದಿಗಿಟ್ಟು, ಶಾಲೆ ಬಿಟ್ಟ ಮೇಲೆ ಮಕ್ಕಳ ಜೊತೆ ಅವರವರ ಮನೆಯವರೆಗೆ ನಡೆಯತೊಡಗಿದೆ. ಒಂದು ವಾರ ಕೊಡವ ಮನೆತನಗಳ ಮೂಲಮನೆಗಳಾದ ಐನ್‌ಮನೆಗಳ ಕಡೆಯ ಓಣಿ, ಮತ್ತೊಂದು ವಾರ ಸರ್ಕಾರಿ ಜಾಗವಾದ ಪೈಸಾರಿಯಲ್ಲಿನ ಮನೆಗಳ ಏರು, ಇನ್ನೊಂದು ವಾರ ಹಳೆಯ ಕಂದಕವಾದ ಕಡಂಗದ ಅಂಚಿನಲ್ಲಿ ಸಾಗುವ ಲೈನ್‌ಮನೆಗಳ ದಾರಿ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೈನ್‌ಮನೆಯ ಮಕ್ಕಳು ಬೆನ್ನಿಗೆ ಚೀಲ ಹೊತ್ತು, ಜಿಗಣೆ ಕಿತ್ತುಹಾಕುತ್ತಾ, ಹೋಗಿ ಬರುವ ದಾರಿಯಲ್ಲೇ ಅಷ್ಟನ್ನು ಮುಗಿಸುತ್ತಿದ್ದರು. ಜೀಪಿನಲ್ಲೋ ಸ್ಕೂಟರಿನಲ್ಲೋ ಬಂದಿಳಿಯುವ ಮಕ್ಕಳು ಇಡೀ ದಿನ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಒಂಬತ್ತನೆಯ ತರಗತಿಗೆ ಬರುತ್ತಿದ್ದಂತೆ ಯಾವ ಮನೆಯವರೇ ಆಗಲಿ, ಹೆಣ್ಣುಮಕ್ಕಳು ಆಟದಿಂದ ದೂರ ಸರಿಯುತ್ತಿದ್ದರು. ದುಡಿತ ಇದ್ದವರಿಗೆ ಬೇಕಾಗಿದ್ದುದು ಆಟ ಮತ್ತು ಸಂತೋಷ; ದುಡಿತವಿಲ್ಲದವರಿಗೆ ಬೇಕಾಗಿದ್ದುದು ಮೈ ಬೆವರುವ ಕೆಲಸ. ಎಲ್ಲರಿಗೂ ಒಂದೇ ಡ್ರಿಲ್ ಮಾಡಿಸುತ್ತಿದ್ದ ನನಗೆ ಈ ವ್ಯತ್ಯಾಸ ಅಷ್ಟರವರೆಗೆ ಕಂಡಿರಲಿಲ್ಲ.

ಮರುವರ್ಷ ವೇಳಾಪಟ್ಟಿಯನ್ನು ಊರಿನ ಋತುಗಳಿಗೆ ಹೊಂದಿಸಿದೆ. ಕಕ್ಕಡ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಸುರಿಮಳೆಯಲ್ಲಿ, ಶಾಲೆಯ ಉದ್ದನೆಯ ಜಗಲಿಯೇ ನಮ್ಮ ಕ್ರೀಡಾಂಗಣವಾಯಿತು. 2018ರ ಆಗಸ್ಟ್ ತಿಂಗಳಿನ ಭೂಕುಸಿತಗಳ ನಂತರ ಜೋರು ಮಳೆಯೆಂದರೆ ಪೋಷಕರಿಗೆ ಇನ್ನೂ ಆತಂಕವಿರುವುದರಿಂದ, ಮಕ್ಕಳು ಸೂರಿನಡಿಯಲ್ಲೇ ಇದ್ದು ಆಡುವ ವ್ಯವಸ್ಥೆ ಅವರಿಗೂ ಒಪ್ಪಿಗೆಯಾಯಿತು. ಅಲ್ಲಿ ಕೋಲಾಟ್ ಮತ್ತು ಉಮ್ಮತ್ತಾಟ್ ಎರಡನ್ನೂ ಆರಂಭಿಸಿದೆ. ಉಮ್ಮತ್ತಾಟ್ ಹೆಂಗಸರ ಕುಣಿತ. ಕಂಚಿನ ತಾಳ ಹಿಡಿದು, ಸುತ್ತುಗಟ್ಟಿ, ಸೊಂಟ ಬಾಗಿಸಿ ತಾಳ ತಟ್ಟುತ್ತಾ ಸಾಗಬೇಕು. ನೋಡಲು ಮೆಲ್ಲಗೆ ಕಂಡರೂ ಕಾಲು ಗಂಟೆ ಬಾಗಿ ಏಳುವಷ್ಟರಲ್ಲಿ ತೊಡೆ ನಡುಗತೊಡಗುತ್ತದೆ. ನನಗೆ ಅದು ಬರುತ್ತಿರಲಿಲ್ಲವಾದ್ದರಿಂದ ಇಬ್ಬರು ವಿದ್ಯಾರ್ಥಿನಿಯರ ತಾಯಂದಿರನ್ನು ಕಲಿಸಲು ಕರೆದೆ. ತಾಯಿಯೇ ಶಾಲೆಗೆ ಬಂದು ಕುಣಿದಾಗ, ‘ನಾಚಿಕೆಯಾಗುತ್ತದೆ ಟೀಚರ್’ ಎಂದು ಮೂಲೆ ಹಿಡಿದಿದ್ದ ಹತ್ತನೆಯ ತರಗತಿಯ ಹುಡುಗಿಯರು ಒಬ್ಬೊಬ್ಬರಾಗಿ ಸುತ್ತಿನೊಳಗೆ ಬಂದರು. ಇಲ್ಲಿನ ಬುಡಕಟ್ಟಿನವರಾದ ಎರವರ ಮಕ್ಕಳು ಮೊದಲು ಬದಿಗೆ ನಿಂತರು. ಅದು ತಮ್ಮ ಮನೆಯ ಕುಣಿತವಲ್ಲ ಎಂಬ ಸಂಕೋಚ ಅವರಲ್ಲಿತ್ತು. ನೀವು ನಿಮ್ಮ ಹೆಜ್ಜೆ ತೋರಿಸಿ, ನಾವು ಕಲಿಯುತ್ತೇವೆ ಎಂದ ಮೇಲೆ ಶುಕ್ರವಾರದ ಅವಧಿ ಅವರದಾಯಿತು. ನನ್ನ ವೃತ್ತಿಯಲ್ಲಿ ನಾನು ತೆಗೆದುಕೊಂಡ ಒಳ್ಳೆಯ ನಿರ್ಧಾರಗಳಲ್ಲಿ ಇದನ್ನು ಮೊದಲನೆಯದೆಂದು ಎಣಿಸುತ್ತೇನೆ.

ಪರೆಯಕಳಿಯಲ್ಲಿ ಮಾತ್ರ ಎಡವಿದೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಗುರಾಣಿ ಹಿಡಿದು ಎದುರಾಳಿಯ ಮೊಣಕಾಲಿನ ಕೆಳಗೆ ಮಾತ್ರ ಹೊಡೆಯಬೇಕಾದ ಆಟವದು. ಚುರುಕುತನ, ಕಾಲಿನ ಚಲನೆ ಮತ್ತು ಸಂಯಮ ಮೂರನ್ನೂ ಒಟ್ಟಿಗೆ ಕಲಿಸುತ್ತದೆ. ಹಿರಿಯರನ್ನು ಕೇಳದೆ, ಸಿಕ್ಕ ಕಾಫಿ ಕೋಲುಗಳನ್ನು ಕೊಟ್ಟು ಹುಡುಗರನ್ನು ಆಡಿಸಿದೆ. ಒಬ್ಬನ ಮೊಣಕಾಲಿನ ಚಿಪ್ಪಿಗೇ ಪೆಟ್ಟು ಬಿದ್ದು ವಾರವಿಡೀ ಕುಂಟಿದ. ಆ ಸಂಜೆಯೇ ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವನ ಅಜ್ಜ ಗದರಲಿಲ್ಲ. ‘ಬೆತ್ತ ಬಾಗುತ್ತದೆ ಟೀಚರೇ, ಕಾಫಿ ಕೋಲು ಬಾಗುವುದಿಲ್ಲ. ಇದು ಮಂದ್‌ನ ಆಟ, ಅಲ್ಲಿಗೆ ಬನ್ನಿ’ ಎಂದರು. ಮಂದ್ ಎಂದರೆ ಹೊಸ ಭತ್ತದ ಹಬ್ಬವಾದ ಪುತ್ತರಿಯ ಕೋಲಾಟಕ್ಕೆ ಊರು ಸೇರುವ ಬಯಲು. ಅದನ್ನು ಖಾಲಿ ಮೈದಾನವೆಂದು ಭಾವಿಸಿ ಬಳಸುವಂತಿಲ್ಲ. ಊರಿನ ಮುಖ್ಯಸ್ಥರಾದ ತಕ್ಕರ ಒಪ್ಪಿಗೆ ಬೇಕು. ನಾನು ಲಿಖಿತವಾಗಿ ಕೇಳಿಕೊಂಡೆ. ಪುತ್ತರಿಗೆ ಮುಂಚಿನ ವಾರ ಅಲ್ಲಿನ ಕಳೆ ಕೀಳುವ ಕೆಲಸಕ್ಕೆ ಮಕ್ಕಳನ್ನು ಕರೆತಂದರೆ, ಕೆಲಸ ಮುಗಿದ ಮೇಲೆ ಹಿರಿಯರೇ ನಿಂತು ಹೊಡೆತ ಕಲಿಸುವುದೆಂದು ತೀರ್ಮಾನವಾಯಿತು. ಮಂದ್‌ನಲ್ಲಿ ಮಕ್ಕಳು ಮೊದಲು ಕಲಿತದ್ದು ಆಟದ ಕೊನೆಯಲ್ಲಿ ಎದುರಾಳಿಯನ್ನು ತಬ್ಬಿಕೊಳ್ಳುವುದನ್ನು.

ನಾಟಿ ಓಟಕ್ಕೆ ಬೇರೆಯೇ ತೊಡಕು. ಕೆಸರುಗದ್ದೆಯಲ್ಲಿ ಐವತ್ತು ಮೀಟರ್ ಓಡುವುದು ಒಣ ನೆಲದಲ್ಲಿ ಇನ್ನೂರು ಮೀಟರ್ ಓಡುವುದಕ್ಕಿಂತ ಕಷ್ಟವೆಂದು ನನಗನ್ನಿಸಿದೆ, ಬಿದ್ದರೂ ಪೆಟ್ಟಾಗುವುದಿಲ್ಲ. ಆದರೆ ಓಡಲು ಗದ್ದೆ ಎಲ್ಲಿದೆ? ಆಳು ಸಿಗದೆ, ಖರ್ಚು ಹುಟ್ಟದೆ, ಕಾಡುಪ್ರಾಣಿಗಳ ಕಾಟ ತಾಳದೆ ಶಾಲೆಯ ಸುತ್ತಲಿನ ಹಲವು ಗದ್ದೆಗಳು ಪಾಳುಬಿದ್ದಿವೆ. ಗದ್ದೆಯೊಂದಿಗೆ ಓಟವೂ ಹೋಗುತ್ತದೆ, ಪುತ್ತರಿಗೆ ಕದಿರು ತರುವ ಜಾಗವೂ ಹೋಗುತ್ತದೆ. ಒಬ್ಬ ಬೆಳೆಗಾರರು ನಾಟಿಯ ದಿನ ಮಕ್ಕಳು ಬಂದು ಪೈರು ಹಂಚಿ ಕೊಡುವುದಾದರೆ ಉಳುಮೆ ಮಾಡಿದ ಒಂದು ಗದ್ದೆಯನ್ನು ನಾಟಿಗೆ ಮೊದಲು ಓಟಕ್ಕೆ ಬಿಡುತ್ತೇನೆಂದರು. ಈಗ ಮೂರು ವರ್ಷಗಳಿಂದ ಅದು ನಡೆಯುತ್ತಿದೆ. ಕೆಲಸ ಅರ್ಧ ಗಂಟೆಗಿಂತ ಹೆಚ್ಚಿಲ್ಲ, ಪೋಷಕರ ಒಪ್ಪಿಗೆಯಿಲ್ಲದೆ ಇಲ್ಲ, ಲೈನ್‌ಮನೆಯ ಮಕ್ಕಳನ್ನಷ್ಟೇ ಕೆಲಸಕ್ಕೆ ಹಚ್ಚುವುದಂತೂ ಎಂದೂ ಇಲ್ಲ. ಈ ಮೂರು ನಿಯಮಗಳನ್ನು ನಾನು ಸಡಿಲಿಸಿಲ್ಲ.

ಹಾಕಿಯ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಪಾಂಡಂಡ ಕುಟುಂಬ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುವಿನಲ್ಲೇ 360 ತಂಡಗಳೊಂದಿಗೆ ನಡೆದು ಗಿನ್ನೆಸ್ ದಾಖಲೆ ಸೇರಿತು. ಒಂದೇ ತಂಡದಲ್ಲಿ ಅಜ್ಜ, ಮೊಮ್ಮಗ, ಸೊಸೆ ಒಟ್ಟಿಗೆ ಆಡುವುದನ್ನು ನಮ್ಮ ಹುಡುಗಿಯರು ಕಣ್ಣಾರೆ ಕಂಡಿದ್ದಾರೆ. ಆ ಕುಟುಂಬಗಳಿಗೆ ಸೇರದ ಮಕ್ಕಳಿಗೂ ಕೋಲು ಹಿಡಿಯುವ ಅವಕಾಶವಿರಲೆಂದು ಶಾಲೆಯಲ್ಲಿ ಮನೆತನದ ಬದಲು ದಾರಿಯ ಹೆಸರಿನಲ್ಲಿ ತಂಡ ಕಟ್ಟುತ್ತೇವೆ: ಓಣಿ ತಂಡ, ಪೈಸಾರಿ ತಂಡ, ಕಡಂಗ ತಂಡ.

ಕಳೆದ ವಾರ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಗಿದೆ, ಮೈದಾನ ಗಟ್ಟಿಯಾಗಿದೆ. ಮುಂದಿನ ಕಕ್ಕಡಕ್ಕೆ ಮೊದಲು ಜಗಲಿಯ ಸೋರುವ ಹೆಂಚು ಬದಲಿಸಬೇಕು. ತಾಯಂದಿರು ಹಣ ಕೂಡಿಸಲು ಆರಂಭಿಸಿದ್ದಾರೆ. ಬೆತ್ತ ತರಲು ಅಜ್ಜ ಇಬ್ಬರು ಹುಡುಗರನ್ನು ಕಳುಹಿಸಲು ಹೇಳಿದ್ದಾರೆ. ಅಂದು ಮೊಣಕಾಲಿಗೆ ಪೆಟ್ಟು ತಿಂದವನು ಆ ಇಬ್ಬರಲ್ಲಿ ಒಬ್ಬ.