ಕಾಲೇಜು ಬೇಸ್‌ಬಾಲ್‌ನಲ್ಲಿ ಪಿಚಿಂಗ್ ಕೋಚ್ ಆಗುವುದು ಹೇಗೆ?

ಅಮೆರಿಕದ ಒಂದು ಸಣ್ಣ ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ನಾನು ಎಂಟು ವರ್ಷ ಚಾರ್ಟ್ ಬರೆದುಕೊಟ್ಟಿದ್ದೇನೆ. ಯಾವ ಪಿಚರ್ (ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವ) ಎಷ್ಟು ಚೆಂಡು ಎಸೆದ, ಯಾವುದು ಎಲ್ಲಿಗೆ ಹೋಯಿತು ಅಂತ ಪೆನ್ಸಿಲ್ ಹಿಡಿದು ಗುರುತು ಹಾಕುವ ಕೆಲಸ. ಅಷ್ಟು ವರ್ಷದಲ್ಲಿ ಐದು ಜನ ಪಿಚಿಂಗ್ ಕೋಚ್‌ಗಳು ಬಂದರು. ಮೂವರು ಒಂದೇ ಸೀಸನ್‌ಗೆ ಹೊರಟುಹೋದರು. ಆಟ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೂವರೂ ಎಡವಿದ್ದು ಒಂದೇ ಜಾಗದಲ್ಲಿ. ಅಮೆರಿಕದ ಕನ್ನಡ ಮನೆಗಳ ಮಕ್ಕಳು ಈಗ ಹೈಸ್ಕೂಲ್ ತಂಡಗಳಲ್ಲಿ ಆಡುತ್ತಿದ್ದಾರೆ. 'ಅಂಕಲ್, ಕೋಚ್ ಆಗೋಕೆ ಏನು ಮಾಡಬೇಕು?' ಅಂತ ಒಂದಿಬ್ಬರು ಕೇಳಿದರು. ಅವರಿಗಾಗಿ ಇದು.

ಹೆಜ್ಜೆ 1: ಎಲ್ಲಾದರೂ ಆಡಿ, ಡಿಗ್ರಿ ಮುಗಿಸಿ

ದೊಡ್ಡ ಸ್ಟಾರ್ ಆಗಿರಬೇಕಿಲ್ಲ. ಎರಡು ವರ್ಷದ ಜೂನಿಯರ್ ಕಾಲೇಜಿನಲ್ಲಿ ಆಡಿದ್ದರೂ ಸಾಕು. ಆದರೆ ಡಿಗ್ರಿ ಇಲ್ಲದೆ ಕಾಲೇಜುಗಳಲ್ಲಿ ಕೆಲಸ ಸಿಗುವುದು ಬಹಳ ಕಷ್ಟ.

ಹೆಜ್ಜೆ 2: ಒಳಗೆ ಕಾಲಿಡಿ

ಸುಲಭದ ಬಾಗಿಲು ಗ್ರಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಒಂದು ಕಡೆ ಎಂ.ಎ. ಅಥವಾ ಎಂ.ಎಸ್. ಓದುತ್ತಾ ಇನ್ನೊಂದು ಕಡೆ ತಂಡಕ್ಕೆ ದುಡಿಯುವುದು. ಮೊದಲು ಡಿವಿಷನ್ 1 (ಕಾಲೇಜು ಆಟದ ಅತಿ ಮೇಲಿನ ಹಂತ) ತಂಡಗಳಲ್ಲಿ ಸಂಬಳವಿಲ್ಲದ 'ವಾಲಂಟಿಯರ್' ಕೋಚ್ ಒಬ್ಬರು ಇರುತ್ತಿದ್ದರು. ಎಷ್ಟೋ ಜನ ವರ್ಷಗಟ್ಟಲೆ ಹಾಗೇ ದುಡಿದರು. 2023ರ ಜುಲೈ 1ರಿಂದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಆ ಪದ್ಧತಿ ತೆಗೆದುಹಾಕಿ, ಆ ಜಾಗಕ್ಕೂ ಸಂಬಳ ಕೊಡಲು ಅವಕಾಶ ಮಾಡಿತು. ಬೇಸಿಗೆಯಲ್ಲಿ ಸುಮ್ನೆ ಮನೆಯಲ್ಲಿ ಕೂರಬೇಡಿ. ಕೇಪ್ ಕಾಡ್‌ನಂಥ ಸಮ್ಮರ್ ಲೀಗ್‌ಗಳಿಗೆ ಕೋಚ್‌ಗಳು ಬೇಕಿರುತ್ತಾರೆ. ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು 'ಪಿಚಿಂಗ್ ಕೋಚ್ ಸರ್ಟಿಫಿಕೇಟ್' ತೆಗೆದುಕೊಂಡ ಕಾರಣಕ್ಕೆ ಯಾರಿಗೂ ಕೆಲಸ ಸಿಕ್ಕಿದ್ದು ನಾನು ನೋಡಿಲ್ಲ. ಆ ದುಡ್ಡಲ್ಲಿ ಒಳ್ಳೆ ಟ್ರೈಪಾಡ್ ಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಜ್ಜೆ 3: ಮೊದಲ ಎರಡು ವಾರ ಬಾಯಿ ಬಿಡಬೇಡಿ

ಆ ಮೂವರೂ ಎಡವಿದ್ದು ಇಲ್ಲೇ. ಬಂದ ಮೊದಲ ದಿನವೇ ಬುಲ್‌ಪೆನ್‌ನಲ್ಲಿ (ಪಿಚರ್‌ಗಳು ಎಸೆದು ಅಭ್ಯಾಸ ಮಾಡುವ ಜಾಗ) ನಿಂತು ತಿದ್ದಲು ಶುರು ಮಾಡಿದರು. 'ಮೊಣಕೈ ಎತ್ತು', 'ಭುಜ ಹಿಡಿ', 'ಕಾಲು ಉದ್ದ ಚಾಚು'. ಒಂದು ಚೆಂಡಿಗೆ ಮೂರು ಮಾತು. ಹತ್ತೊಂಬತ್ತು ವರ್ಷದ ಹುಡುಗ ಪಾಪ ಏನು ಮಾಡಬೇಕು?

ಎಸೆಯುವ ಗುಡ್ಡೆಯಿಂದ ಹೋಮ್ ಪ್ಲೇಟ್‌ಗೆ (ಬ್ಯಾಟ್ ಮಾಡುವವನು ನಿಲ್ಲುವ ಜಾಗ) 60 ಅಡಿ 6 ಇಂಚು. ಗುಡ್ಡೆಯ ಎತ್ತರ 10 ಇಂಚು. ಕಾಲು ಎತ್ತಿದಲ್ಲಿಂದ ಚೆಂಡು ಕೈ ಬಿಡುವವರೆಗೆ ಹೆಚ್ಚೆಂದರೆ ಎರಡು ಸೆಕೆಂಡ್. ಅಷ್ಟರಲ್ಲಿ ಮೂರು ವಿಷಯ ಯೋಚಿಸಲು ಯಾರಿಂದಲೂ ಆಗಲ್ಲ.

ಬದಲಿಗೆ ಹೀಗೆ ಮಾಡಿ. ಮೂರು ಜಾಗದಿಂದ ನೋಡಿ: ಕ್ಯಾಚರ್ (ವಿಕೆಟ್‌ಕೀಪರ್ ಇದ್ದ ಹಾಗೆ) ಹಿಂದಿನಿಂದ, ಪಿಚರ್ ಹಿಂದಿನಿಂದ, ಅವನ ಎದೆ ತಿರುಗುವ ಬದಿಯಿಂದ. ಟ್ರೈಪಾಡ್ ಇಟ್ಟು ಪ್ರತಿ ಸಲ ಅದೇ ಎತ್ತರ, ಅದೇ ಜಾಗದಿಂದ ವಿಡಿಯೋ ತೆಗೆಯಿರಿ. ಕೈಯಲ್ಲಿ ಹಿಡಿದು ತೆಗೆದ ಎರಡು ವಿಡಿಯೋಗಳನ್ನು ಹೋಲಿಸಲು ಹೋದರೆ ಇಲ್ಲದ ತಪ್ಪು ಕಾಣುತ್ತದೆ, ಇರುವ ತಪ್ಪು ಕಾಣುವುದಿಲ್ಲ. ಆಮೇಲೆ ಹುಡುಗನನ್ನೇ ಕೇಳಿ: 'ಚೆನ್ನಾಗಿ ಹೋದ ಚೆಂಡು ಎಸೆದಾಗ ನಿನಗೆ ಏನನ್ನಿಸುತ್ತೆ?' ಅವನ ಮಾತನ್ನು ಅವನದೇ ಪದಗಳಲ್ಲಿ ಬರೆದಿಡಿ. ಮುಂದೆ ಅವನು ದಾರಿ ತಪ್ಪಿದಾಗ ಅದನ್ನೇ ಅವನಿಗೆ ನೆನಪಿಸಬೇಕು.

ಎರಡು ವಾರ ಆದಮೇಲೆ ಒಂದೇ ಒಂದು ವಿಷಯ ಆರಿಸಿ. ಕೆಳಗಿನಿಂದ ಹುಡುಕಿ. ಮುಂದಿನ ಕಾಲು ನೇರ ಹೋಗುತ್ತಿದೆಯೇ? ಅದು ನೆಲ ಮುಟ್ಟುವ ಹೊತ್ತಿಗೆ ಎಸೆಯುವ ಕೈ ಮೇಲೆ ಬಂದಿದೆಯೇ? ಸೊಂಟ ತಿರುಗಿದ ಮೇಲೆ ಭುಜ ತಿರುಗುತ್ತಿದೆಯೇ, ಇಲ್ಲ ಎರಡೂ ಒಟ್ಟಿಗೇನಾ? ಕೈಯನ್ನು ಕೊನೆಗೆ ನೋಡಿ. ನಮ್ಮಲ್ಲಿ ಒಬ್ಬ ಎಡಗೈ ಹುಡುಗನ ಚೆಂಡು ಸದಾ ಮೇಲಕ್ಕೆ, ಎಡಕ್ಕೆ ಹಾರುತ್ತಿತ್ತು. ಹೊಸ ಕೋಚ್ ಅವನ ಕೈ ಬರುವ ಕೋನವನ್ನೇ ಬದಲಿಸಿದರು. ತಿಂಗಳೊಳಗೆ ಮೊಣಕೈ ನೋವು. ನನ್ನ ಹಳೆಯ ವಿಡಿಯೋ ತೆಗೆದು ನೋಡಿದರೆ ಅವನ ಮುಂದಿನ ಭುಜ ಬೇಗ ತೆರೆದುಕೊಳ್ಳುತ್ತಿತ್ತು, ಅಷ್ಟೇ. ಆ ಹುಡುಗ ಆಮೇಲೆ ಆಡಲೇ ಇಲ್ಲ. ಅವನ ಮುಖ ನನಗಿನ್ನೂ ಮರೆತಿಲ್ಲ.

ಹೇಳುವ ರೀತಿಯೂ ಮುಖ್ಯ. 'ಮೊಣಕೈ ಎತ್ತು' ಅಂದರೆ ಹುಡುಗ ಕಲ್ಲಿನಂತೆ ಬಿಗಿಯಾಗುತ್ತಾನೆ. 'ಕ್ಯಾಚರ್‌ನ ಎಡ ಮಂಡಿಗೆ ಹೊಡಿ' ಅಂದರೆ ಮೈ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ. ಏನೇ ಬದಲಿಸುವುದಿದ್ದರೂ ಸೆಪ್ಟೆಂಬರ್, ಅಕ್ಟೋಬರ್‌ನ ಅಭ್ಯಾಸದಲ್ಲೇ ಬದಲಿಸಿ. ಫೆಬ್ರವರಿ ಮಧ್ಯದಲ್ಲಿ ಸೀಸನ್ ಶುರುವಾದ ಮೇಲೆ ಮುಟ್ಟಬೇಡಿ.

ಹೆಜ್ಜೆ 4: ಎಣಿಸಿ, ಎಲ್ಲವನ್ನೂ ಎಣಿಸಿ

ಕ್ರಿಕೆಟ್ ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ನೇರ ಮಾಡುವಂತಿಲ್ಲ. ಪಿಚರ್‌ಗೆ ಆ ನಿಯಮವಿಲ್ಲ. ಮೊಣಕೈ ಮಡಚಿ ರಭಸದಿಂದ ಎಸೆಯುವಾಗ ಬಹಳಷ್ಟು ಭಾರ ಮೊಣಕೈ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ) ಮೇಲೆ ಬೀಳುತ್ತದೆ. ಅದು ಹರಿದರೆ ಟಾಮಿ ಜಾನ್ ಸರ್ಜರಿ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ್ದು, ಟಾಮಿ ಜಾನ್ ಎಂಬ ಪಿಚರ್‌ಗೆ. ಸಾಮಾನ್ಯವಾಗಿ ಮತ್ತೆ ಮ್ಯಾಚ್ ಆಡಲು 12ರಿಂದ 18 ತಿಂಗಳು ಬೇಕು. ಕಾಲೇಜಿನಲ್ಲಿ ಆಡಲು ಸಿಗುವುದೇ ನಾಲ್ಕು ಸೀಸನ್.

ಎಂಎಲ್‌ಬಿ (ಅಮೆರಿಕದ ದೊಡ್ಡ ವೃತ್ತಿಪರ ಬೇಸ್‌ಬಾಲ್ ಲೀಗ್) ಮತ್ತು ಯುಎಸ್‌ಎ ಬೇಸ್‌ಬಾಲ್ ಸಂಸ್ಥೆ ಸೇರಿ ಮಾಡಿದ 'ಪಿಚ್ ಸ್ಮಾರ್ಟ್' ಸಲಹೆಯ ಪ್ರಕಾರ 19ರಿಂದ 22 ವರ್ಷದವರು ದಿನಕ್ಕೆ 120 ಚೆಂಡು ದಾಟಬಾರದು. 105 ದಾಟಿದರೆ ಐದು ದಿನ ವಿಶ್ರಾಂತಿ. ಆದರೆ ಎನ್‌ಸಿಎಎ ಆಟದಲ್ಲಿ ಇದು ಕಡ್ಡಾಯವಲ್ಲ. ಆದ್ದರಿಂದ ನೀವೇ ಕಾಯಬೇಕು. ಮ್ಯಾಚಿನ ಚೆಂಡು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ವಾರ್ಮ್‌ಅಪ್, ಬುಲ್‌ಪೆನ್, ದೂರದ ಎಸೆತ ಎಲ್ಲ ಅದೇ ಕೈಯಿಂದಲೇ ಬರುವುದು, ಅಲ್ವಾ? ಒಂಬತ್ತು ಇನಿಂಗ್ಸ್‌ನ ಆಟದ ಎಂಟನೆಯದರಲ್ಲಿ ಕರೆಯಬಹುದು ಅಂತ ಎರಡು ಸಲ ಬುಲ್‌ಪೆನ್‌ನಲ್ಲಿ ಬಿಸಿ ಮಾಡಿಸಿ, ಕೊನೆಗೆ ಆಡಿಸದೇ ಇದ್ದವನ ಹೆಸರನ್ನೂ ಪುಸ್ತಕದಲ್ಲಿ ಬರೆಯಿರಿ.

ತೂಕದ ಚೆಂಡುಗಳ ಪ್ಯಾಕೆಟ್ ತಂದು ಆರು ವಾರದಲ್ಲಿ ವೇಗ ಹೆಚ್ಚಿಸುತ್ತೇವೆ ಅನ್ನುವವರು ಬಹಳ. 13ರಿಂದ 18 ವರ್ಷದ ಹುಡುಗರ ಮೇಲೆ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ವೇಗ ಹೆಚ್ಚಿತು, ನಿಜ. ಆದರೆ ಆ ಚೆಂಡು ಎಸೆದವರಲ್ಲಿ 24 ಶೇಕಡ ಹುಡುಗರಿಗೆ ಗಾಯವಾಯಿತು. ನನ್ನನ್ನು ಕೇಳಿದರೆ ಮುಟ್ಟಲೇಬೇಡಿ. ಫೋನಿನಲ್ಲಿ ವೇಗ ತೋರಿಸುವ ಆ್ಯಪ್‌ಗಳನ್ನೂ ನಂಬಬೇಡಿ. ಚೆಂಡಿನ ವೇಗ, ತಿರುಗುವಿಕೆ ಅಳೆಯುವ ರಾಪ್ಸೋಡೊ, ಟ್ರ್ಯಾಕ್‌ಮನ್ ಯಂತ್ರಗಳು ಚೆನ್ನಾಗಿವೆ. ಆದರೆ ಅವು ತೋರಿಸುವ ಹತ್ತಾರು ಸಂಖ್ಯೆಗಳಲ್ಲಿ ಹುಡುಗನಿಗೆ ಹೇಳುವುದು ಒಂದೇ ಇರಲಿ.

ಹೆಜ್ಜೆ 5: ಮೊದಲು ಚೇಂಜಪ್ ಕಲಿಸಿ

ಎಲ್ಲರಿಗೂ ಸ್ಲೈಡರ್ (ವೇಗವಾಗಿ ಬಂದು ಕೊನೆಯಲ್ಲಿ ಪಕ್ಕಕ್ಕೆ ಸರಿಯುವ ಚೆಂಡು) ಆಸೆ. 2019ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪಿಚರ್ ಕುಮಾರ್ ರಾಕರ್ (ಅವರ ತಾಯಿಯ ಮನೆಯವರು ಭಾರತ ಮೂಲದವರು) ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟ್ ಮಾಡುವವನು ಔಟ್) ಮಾಡಿದ ಮೇಲಂತೂ ನಮ್ಮ ಹುಡುಗರೆಲ್ಲ ಅದೇ ಬೇಕು ಅನ್ನುತ್ತಿದ್ದರು. ಆದರೂ ಮೊದಲು ಚೇಂಜಪ್. ವೆಂಕಟೇಶ್ ಪ್ರಸಾದ್ ಅವರ ನಿಧಾನದ ಎಸೆತ ನೆನಪಿದೆಯಲ್ಲ? ಕೈ ಅದೇ ವೇಗದಲ್ಲಿ ಬರುತ್ತದೆ, ಚೆಂಡು ಮಾತ್ರ ತಡವಾಗಿ. ಹಿಡಿತದಲ್ಲೇ ಕೆಲಸ ಮುಗಿಯುತ್ತದೆ, ಮಣಿಕಟ್ಟು ತಿರುಚಬೇಕಿಲ್ಲ.

ಹೆಜ್ಜೆ 6: ಮ್ಯಾಚಿನ ದಿನ

ಒಂದೇ ಇನಿಂಗ್ಸ್‌ನಲ್ಲಿ ಕೋಚ್ ಒಬ್ಬ ಪಿಚರ್ ಬಳಿಗೆ ಎರಡನೇ ಸಲ ನಡೆದು ಹೋದರೆ ಅವನನ್ನು ತೆಗೆಯಲೇಬೇಕು. ಆದ್ದರಿಂದ ಮೊದಲ ಸಲ ಹೋಗುವಾಗ ಏನು ಹೇಳಬೇಕು ಅಂತ ಡಗ್‌ಔಟ್‌ನಲ್ಲೇ ನಿರ್ಧರಿಸಿ. ಒಂದು ವಾಕ್ಯ ಸಾಕು.

ಹೆಜ್ಜೆ 7: ಮೇಲಕ್ಕೆ ಹೋಗುವುದು

ಹೊಸ ಪಿಚರ್‌ಗಳನ್ನು ಹುಡುಕಿ ತರುವುದು, ಅವರ ಮನೆಯವರ ಜತೆ ಮಾತಾಡುವುದು ಕೆಲಸದ ಅರ್ಧ ಭಾಗ. ಪ್ರತಿ ಜನವರಿ ಕೋಚ್‌ಗಳ ಸಂಘದ ದೊಡ್ಡ ಸಮಾವೇಶ ನಡೆಯುತ್ತದೆ. ಹೋಗಿ, ಜನರ ಪರಿಚಯ ಮಾಡಿಕೊಳ್ಳಿ. ವೆಸ್ ಜಾನ್ಸನ್ ಅರ್ಕಾನ್ಸಾದಲ್ಲಿ ಹೈಸ್ಕೂಲ್ ಕೋಚ್ ಆಗಿದ್ದವರು. ಹಲವು ಕಾಲೇಜು ದಾಟಿ 2019ರ ಸೀಸನ್‌ಗೆ ಎಂಎಲ್‌ಬಿಯ ಮಿನೆಸೋಟ ಟ್ವಿನ್ಸ್ ತಂಡಕ್ಕೆ ಪಿಚಿಂಗ್ ಕೋಚ್ ಆಗಿ ಸೇರಿದರು. 2022ರ ಸೀಸನ್ ನಡುವೆಯೇ ಅದನ್ನು ಬಿಟ್ಟು ಎಲ್‌ಎಸ್‌ಯು ಕಾಲೇಜಿಗೆ ಬಂದರು. ಮರುವರ್ಷ ಆ ತಂಡ ಒಮಾಹಾದಲ್ಲಿ ನಡೆಯುವ ಕಾಲೇಜು ತಂಡಗಳ ಅಂತಿಮ ಟೂರ್ನಿಯಲ್ಲಿ ಚಾಂಪಿಯನ್ ಆಯಿತು. ಈಗಂತೂ ಕಾಲೇಜು ಕೆಲಸವನ್ನು ಯಾರೂ ಚಿಕ್ಕದು ಅಂದುಕೊಳ್ಳಬೇಕಿಲ್ಲ.

ಯಾವ ಕಾಲೇಜಿಂದ ಕರೆ ಬಂದರೂ ಒಪ್ಪುವ ಮುಂಚೆ ಹೆಡ್ ಕೋಚ್‌ಗೆ ಒಂದು ಪ್ರಶ್ನೆ ಕೇಳಿ: 'ಪಿಚರ್ ಸಾಕಾದ ಅಂತ ನಾನು ಹೇಳಿದರೆ ತೆಗೆಯುತ್ತೀರಾ?' ಅದಕ್ಕೆ ನೇರ ಉತ್ತರ ಬರದಿದ್ದರೆ, ಸಂಬಳ ಎಷ್ಟೇ ಇರಲಿ, ಬೇರೆ ಕಡೆ ನೋಡಿ.