ಆಯುಧಪೂಜೆ ದಿನದ ಅಂಗಡಿಗಳು

ಊರಿನ ಹಳೇ ಅಂಗಡಿಗಳ ಫೋಟೊ ಹುಡುಕಿ ನಕಲು ಮಾಡಿ ಇಡುತ್ತಿದ್ದೇನೆ. ಮೊದಲ ಫೋಟೊವನ್ನು ನಾನೇ ಹಾಳು ಮಾಡಿದೆ. ದಾವಣಗೆರೆ ಮಂಡಿಪೇಟೆಯ ಒಂದು ದಿನಸಿ ಅಂಗಡಿಯದು. ಎಷ್ಟೋ ಮಳೆಗಾಲದ ತೇವ ತಿಂದು ಕಟ್ಟಿನ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದರೆ ಬರುತ್ತದೆ ಅಂದುಕೊಂಡೆ. ಬಂತು, ಯಜಮಾನರ ಮುಖ ಮಾತ್ರ ಗಾಜಿನಲ್ಲೇ ಉಳಿಯಿತು. ಅವರ ಮೊಮ್ಮಗ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಈಗ ಅಂಟಿದ್ದನ್ನು ಬಿಡಿಸುವ ಗೋಜಿಗೇ ಹೋಗುವುದಿಲ್ಲ, ಗಾಜಿನ ಮೇಲಿಂದಲೇ ಫೋಟೊ ತೆಗೆಯುತ್ತೇನೆ. ಕಪ್ಪು ಬಟ್ಟೆಯಲ್ಲಿ ಲೆನ್ಸ್‌ನಷ್ಟು ತೂತು ಮಾಡಿ ಕ್ಯಾಮೆರಾ ಮುಂದೆ ಇಳಿಬಿಡುತ್ತೇನೆ, ಗಾಜಿನಲ್ಲಿ ನನ್ನ ನೆರಳು ಕಾಣುವುದಿಲ್ಲ. ಬಿಡಿ ಫೋಟೊ ಆದರೆ ಸ್ಕ್ಯಾನರ್, 600 ಡಿಪಿಐ (ಇಂಚಿಗೆ 600 ಚುಕ್ಕೆ), ಚಿತ್ರದ ವಿವರ ಕಳೆಯದ ಟಿಫ್ ಫೈಲ್. ಹಿಂಬದಿಯನ್ನೂ ಸ್ಕ್ಯಾನ್ ಮಾಡುತ್ತೇನೆ. ಸ್ಟುಡಿಯೊ ಸೀಲು ಇರುವುದು ಅಲ್ಲೇ ಅಲ್ವಾ.

ಇಸವಿ ಕೇಳಿದರೆ ಮನೆಯವರೆಲ್ಲ "ಅಜ್ಜನ ಕಾಲದ್ದು" ಅನ್ನುತ್ತಾರೆ. ಹಾಗಾಗಿ ನಾನು ಫೋಟೊದಲ್ಲಿ ಕಾಣುವ ಅಂಗಡಿ ಬೋರ್ಡು ಓದುವುದನ್ನು ಕಲಿತೆ. 'ನಯಾ ಪೈಸೆ' (ರೂಪಾಯಿಗೆ ನೂರರ ಹೊಸ ಪೈಸೆ) ಅಂತ ಬರೆದಿದ್ದರೆ ಆ ಫೋಟೊ 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ. ಪಿನ್ ಕೋಡ್ ಇದ್ದರೆ 1972ರ ಈಚೆಗಿನದು. ಆದರೆ 'ಮೈಸೂರು ರಾಜ್ಯ' ಅಂತಿದೆ, ಹಾಗಾದರೆ 1973ಕ್ಕೆ ಮುಂಚಿನದೇ ಎಂದು ಹೇಳಿಬಿಡುವ ಹಾಗಿಲ್ಲ. ರಾಜ್ಯದ ಹೆಸರು ಬದಲಾಯಿತು ಅಂತ ಯಾವ ಶೆಟ್ಟರೂ ಮರುದಿನವೇ ಪೇಂಟರನ್ನು ಕರೆಸಲಿಲ್ಲ. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. 'ಚಿತ್ರದುರ್ಗ ಜಿಲ್ಲೆ' ಅಂತ ಬರೆದ ಬೋರ್ಡನ್ನು ಅದಾದ ಮೇಲೂ ನಾನೇ ನೋಡಿದ್ದೇನೆ. ಹೊಸದು ಯಾವಾಗ ಬಂತು ಅನ್ನುವುದನ್ನು ಬೋರ್ಡು ಸರಿಯಾಗಿ ಹೇಳುತ್ತದೆ, ಹಳೆಯದು ಯಾವಾಗ ಹೋಯಿತು ಅನ್ನುವುದನ್ನಲ್ಲ.

ಒಂದಷ್ಟು ಫೋಟೊ ಸೇರಿದ ಮೇಲೆ ಒಂದು ಅನುಮಾನ ಬಂತು. ಯಾವ ಅಂಗಡಿಯಲ್ಲೂ ಧೂಳಿಲ್ಲ! ತಕ್ಕಡಿ ಫಳಫಳ, ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ. ಜಾಸ್ತಿ ಫೋಟೊಗಳು ಆಯುಧಪೂಜೆಯವು, ಉಳಿದವು ದೀಪಾವಳಿಯ ಲಕ್ಷ್ಮೀಪೂಜೆಯವು. ಫೋಟೊದವನನ್ನು ಕರೆಸುತ್ತಿದ್ದದ್ದೇ ಆಗ. ನನ್ನ ಹತ್ತಿರ ಸೇರಿದ್ದು ಪೇಟೆಯ ಹಬ್ಬ, ಪೇಟೆಯ ಕೆಲಸವಲ್ಲ.

ಗದ್ದಿಗೆ ಮೇಲೆ ಕೂತವರ ಹೆಸರು ಮನೆಯವರಿಗೆ ಬಾಯಿಪಾಠ. ಅಂಚಿನಲ್ಲಿ ನಿಂತ ಗುಮಾಸ್ತರು, ಹಮಾಲರು ಯಾರೆಂದು ಗೊತ್ತಿಲ್ಲ. ಅದಕ್ಕೇ ಪ್ರಿಂಟ್ ಹಾಕಿಸಿಕೊಂಡು ಹಳೇ ಹಮಾಲರ ಹತ್ತಿರ ಹೋಗಲು ಶುರು ಮಾಡಿದೆ. ಒಬ್ಬ ಅಜ್ಜ ಮುಖಗಳನ್ನು ನೋಡಲೇ ಇಲ್ಲ. ಹಿಂದಿನ ಮೂಟೆಗಳ ಮೇಲೆ ಬೆರಳಿಟ್ಟ. "ಇದು ದಿನಸಿ ಅಲ್ಲ ತಮ್ಮಾ, ಹತ್ತಿ ಅಂಡಿಗೆ. ಉಬ್ಬು ನೋಡು" ಅಂದ. ಅಂಡಿಗೆ ಅಂದರೆ ಹತ್ತಿ ತುಂಬಿದ ದೊಡ್ಡ ಮೂಟೆ. ಮನೆಯವರು ಅಷ್ಟು ವರ್ಷ ಅದನ್ನು ದಿನಸಿ ಅಂಗಡಿ ಅಂತಲೇ ತಿಳಿದಿದ್ದರು. ಆಗ ಊರಿನಲ್ಲಿ ಹತ್ತಿ ಗಿರಣಿಗಳು ಓಡುತ್ತಿದ್ದವು, ಇದಕ್ಕೇ ತಾನೇ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದದ್ದು. ಅಜ್ಜನ ಮಾತನ್ನು ಅವನ ಹೆಸರಿನ ಜೊತೆಗೇ ಬರೆದಿಟ್ಟೆ. ಬರೆದದ್ದು ಫೋಟೊ ಮೇಲಲ್ಲ, ಲಕೋಟೆ ಮೇಲೆ. ಬಾಲ್ ಪೆನ್ನಿನ ಒತ್ತು ಫೋಟೊದ ಮುಂಬದಿಗೂ ಮೂಡುತ್ತದೆ.

ಮಂಡಕ್ಕಿ ಭಟ್ಟಿಯ ಒಳಗಿನ ಹಳೇ ಫೋಟೊ ಮಾತ್ರ ಇನ್ನೂ ಒಂದೂ ಸಿಕ್ಕಿಲ್ಲ. ಊರೆಲ್ಲ ಮಂಡಕ್ಕಿ ತಿನ್ನುತ್ತದೆ, ಹುರಿಯುವವರ ಚಿತ್ರ ಯಾರ ಮನೆ ಗೋಡೆ ಮೇಲೂ ಇಲ್ಲ. ಒಳಗೆ ಹೊಗೆ, ಕತ್ತಲೆ. ಫೋಟೊದವನು ಬರುವ ಹಬ್ಬದ ದಿನ ಭಟ್ಟಿ ಆರಿರುತ್ತದೆ, ಹುರಿಯುವವರು ಅವರವರ ಮನೆಯಲ್ಲಿರುತ್ತಾರೆ.