ಕೈ ತೊಳೆದಿರಿ, ಸ್ಟೆತ್ ಒರೆಸಿದಿರಾ?

ಹುಬ್ಬಳ್ಳಿಯಲ್ಲಿ ಸೋಮವಾರದ ಓಪಿಡಿ ಅಂದರೆ ಗೊತ್ತಲ್ವಾ? ಕುಂದಗೋಳ, ಕಲಘಟಗಿ, ನವಲಗುಂದದಿಂದ ಮೊದಲ ಬಸ್ಸಿಗೆ ಬಂದವರು ಆಗಲೇ ಪಾಳಿ ಹಚ್ಚಿರುತ್ತಾರೆ. ಬಿಪಿ ನೋಡುವ ಸಿಸ್ಟರ್ ಪ್ರತಿ ಸಲ ಕೈಗೆ ಸ್ಯಾನಿಟೈಸರ್ ಹಚ್ಚಿಕೊಳ್ಳುತ್ತಾರೆ. ಸ್ಟೆತೋಸ್ಕೋಪ್ ಮಾತ್ರ ಹಾಗೇ ಮುಂದಿನವರ ಮೊಳಕೈಗೆ ಹೋಗುತ್ತದೆ. 2014ರಲ್ಲಿ ಪ್ರಕಟವಾದ ಜಿನೀವಾದ ಅಧ್ಯಯನವೊಂದರಲ್ಲಿ, ತಪಾಸಣೆ ಮುಗಿದ ಮೇಲೆ ಸ್ಟೆತ್‌ನ ಬಿಲ್ಲೆಯ (ಮೈಗೆ ಒತ್ತುವ ದುಂಡು ಭಾಗ) ಮೇಲೆ ಸಿಕ್ಕ ಬ್ಯಾಕ್ಟೀರಿಯಾ ವೈದ್ಯರ ಅಂಗೈಯಲ್ಲಿದ್ದುದಕ್ಕಿಂತ ಜಾಸ್ತಿ. ಅದನ್ನು ಮೀರಿಸಿದ್ದು ಬೆರಳ ತುದಿಗಳು ಮಾತ್ರ.

ಸ್ಟೆತ್ ಒರೆಸಲು ಬೇಕಾಗುವುದು ಇಂಜೆಕ್ಷನ್‌ಗೆ ಮುಂಚೆ ತೋಳಿಗೆ ಒರೆಸುವ ಸ್ಪಿರಿಟ್ ಸ್ವ್ಯಾಬ್. ಅದರಲ್ಲಿರುವುದು ಶೇ 70ರ ಐಸೋಪ್ರೊಪೈಲ್ ಆಲ್ಕೋಹಾಲ್. ಇನ್ನೂ ಸ್ಟ್ರಾಂಗ್ ಇದ್ದರೆ ಒಳ್ಳೆಯದಲ್ವಾ ಅನ್ನಬೇಡಿ. ಸ್ವಲ್ಪ ನೀರು ಬೆರೆತಿದ್ದರೇ ಅದು ರೋಗಾಣುವಿನ ಪ್ರೋಟೀನನ್ನು ಚೆನ್ನಾಗಿ ಕೆಡಿಸುತ್ತದೆ. ನೀರಿಲ್ಲದ್ದು ಕೆಲಸ ಮುಗಿಯುವ ಮುಂಚೆ ಆರಿಹೋಗುತ್ತದೆ.

ಬೆವರು, ಕೊಳೆ ಕಣ್ಣಿಗೆ ಕಂಡರೆ ಮೊದಲು ಒದ್ದೆ ಬಟ್ಟೆಯಿಂದ ತೆಗೆಯಿರಿ. ಕೊಳೆಯ ಮೇಲೆ ಸ್ಪಿರಿಟ್ ಹಚ್ಚಿ ಉಪಯೋಗವಿಲ್ಲ. ಆಮೇಲೆ ಬಿಲ್ಲೆಯನ್ನು ಒರೆಸಿ. ನಂತರ ಅದರ ಸುತ್ತಲಿನ ಅಂಚು. ಸ್ವ್ಯಾಬನ್ನು ಮಡಚಿ, ಉಗುರಿನಿಂದ ಒತ್ತಿ ಅಂಚಿನ ಸಂದಿಯಲ್ಲಿ ಒಂದು ಸುತ್ತು ಎಳೆಯಿರಿ. ಬಿಚ್ಚಿ ನೋಡಿದರೆ ಬೂದುಬಣ್ಣದ ಗೆರೆ ಮೂಡಿರುತ್ತದೆ. ಹೊಳೆಯುವ ಸ್ಟೆತ್‌ನಲ್ಲೂ! ಹಿಂಬದಿ ಒರೆಸಿ, ಕೊಳವೆಯನ್ನೂ ಒಂದು ಗೇಣಿನಷ್ಟು ಒರೆಸಿದರೆ ಆಯಿತು.

ಈಗ ಸುಮ್ನೆ ಆರಲು ಬಿಡಿ. ಏಪ್ರನ್ ತುದಿಗೆ ಒರೆಸಿದರೆ ಮಾಡಿದ್ದೆಲ್ಲ ದಂಡ. ಹಸಿ ಇದ್ದಾಗಲೇ ಅಜ್ಜಿಯ ಬೆನ್ನಿಗಿಟ್ಟರೆ "ಯವ್ವಾ, ಎಷ್ಟ್ ತಂಪೈತಿ!" ಅನ್ನಿಸಿಕೊಳ್ಳುತ್ತೀರಿ.

ಇಡೀ ಸ್ಟೆತ್ ಅನ್ನು ಯಾವ ದ್ರಾವಣದಲ್ಲೂ ಮುಳುಗಿಸಬೇಡಿ, ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೂ ಹಾಕಬೇಡಿ. ಕೊರಳಿಗೆ ಹಾಕಿಕೊಂಡೇ ಓಡಾಡಿದರೆ ಬೆವರು, ಎಣ್ಣೆಯಂಶ ತಾಗಿ ಕೊಳವೆ ಬರಬರುತ್ತಾ ಗಟ್ಟಿಯಾಗುತ್ತದೆ. ಕೊಳವೆಗೆ ಹೊಲಿದ ಬಣ್ಣದ ಬಟ್ಟೆ ಕವರ್ ನೋಡಲು ಚೆಂದ, ಆದರೆ ಅದನ್ನು ದಿನಾ ಒಗೆಯುವವರನ್ನು ನಾನಂತೂ ನೋಡಿಲ್ಲ.

ಆಂಟಿಬಯಾಟಿಕ್ ತೆಗೆದುಕೊಂಡ ಮೇಲೆ ಭೇದಿ ಹತ್ತಿದ ಪೇಷಂಟ್ ಇದ್ದರೆ ಅವರಿಗೇ ಒಂದು ಸ್ಟೆತ್ ಬೇರೆ ಇಡಿ. ಅಂಥ ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದ ಗಟ್ಟಿ ಕವಚದ ಬೀಜಕಗಳು ಸ್ಪಿರಿಟ್‌ಗೆ ಸಾಯುವುದಿಲ್ಲ.

ಒಂದೇ ಸ್ಟೆತ್ ಮೂರು ಶಿಫ್ಟಿಗೂ ತಿರುಗುವ ವಾರ್ಡಿನಲ್ಲಿ, ಕಿವಿಗೆ ಹಾಕುವ ತುದಿಗಳನ್ನೂ ಒರೆಸಿಕೊಂಡೇ ಹಾಕಿಕೊಳ್ಳಿ. ರಾತ್ರಿ ಡ್ಯೂಟಿಯವರ ಕಿವಿ ಹೇಗಿತ್ತೋ ಯಾರಿಗೆ ಗೊತ್ತು!